ಏಳು ಗುಂಡಿಯ ವೇಸ್ಟ್‌ಕೋಟು

ಟೈಲರಕ್ಕ ಆ ಕೋಟನ್ನು ಕಂಡದ್ದು ಒಂದು ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕಂಪ್ಯೂಟರಿನೊಳಗಿನ ಒಂದು ಸೇತುವೆಯ ಮೇಲೆ. ಯಾರೋ ಗೊತ್ತಿಲ್ಲದ ಹೆಂಗಸು ಅದನ್ನು ತೊಟ್ಟು ಕಂಬಿ ಹಿಡಿದು ನಿಂತಿದ್ದಳು. ಆ ಸೇತುವೆಯ ಮೇಲೆ ಯಾವಾಗಲೂ ಗಾಳಿ ಬೀಸುತ್ತಲೇ ಇರುತ್ತದೆ, ಅದನ್ನು ಕಟ್ಟಿದವರು ಹಾಗೆ ಇಟ್ಟಿದ್ದಾರೆ. ಗಾಳಿಗೆ ಕೋಟಿನ ಅಂಚು ಒಮ್ಮೆ ಮಗುಚಿಕೊಂಡು ಒಳಗಿನ ಲೈನಿಂಗ್ ಕಂಡಿತು. ಟೈಲರಕ್ಕನ ಕೈಯಲ್ಲಿದ್ದ ಚಹಾದ ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತುಬಿಟ್ಟಿತು.

ಲೈನಿಂಗಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಸುಟ್ಟ ಗುರುತು ಇತ್ತು.

ಇಪ್ಪತ್ತೆರಡು ವರ್ಷ ಅವಳು ತನ್ನ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿದವಳು. ಓಣಿಯವರೆಲ್ಲ ಟೈಲರಕ್ಕ, ಟೈಲರಕ್ಕ ಅಂತ ಕರೆದು ಕರೆದು ಅವಳ ನಿಜವಾದ ಹೆಸರು ಗಂಡನಿಗೂ ಮರೆತುಹೋದಂತಿತ್ತು. ಆಮೇಲೆ ಎಲ್ಲರೂ ರೆಡಿಮೇಡಿಗೆ ಹೋದರು. ಬಟ್ಟೆ ಕತ್ತರಿಸಿ ಕತ್ತರಿಸಿ ಅವಳ ಬಲಭುಜವೂ ಹಿಡಿದುಕೊಂಡಿತು. ಆಗ ಅವಳ ಕೈಗೆ ಹೊಸ ಕೆಲಸ ಕೊಟ್ಟವಳು ನಾದಿನಿ. ಹುಟ್ಟಿದಾಗ ಬೆಂಕಿಕಡ್ಡಿಯ ಹಾಗಿದ್ದಳಂತೆ, ಅದಕ್ಕೆ ಮನೆಯಲ್ಲಿ ಅವಳನ್ನು ಕಡ್ಡಿ ಅಂತಲೇ ಕರೆಯುತ್ತಿದ್ದರು. ಈಗ ಮೂವತ್ನಾಲ್ಕು ವಯಸ್ಸು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವಷ್ಟು ಮೈ. ಆದರೂ ಕಡ್ಡಿಯೇ.

ಕಡ್ಡಿ ತೋರಿಸಿದ ಆ ಲೋಕದಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಒಂದು ಆಕೃತಿ ಇರುತ್ತದೆ. ಅಲ್ಲಿನವರು ಅವತಾರ್ ಅನ್ನುತ್ತಾರೆ, ಈ ಮನೆಯಲ್ಲಿ ಅದಕ್ಕೆ ಗೊಂಬೆ ಅಂತ ಹೆಸರು. ಗೊಂಬೆಗೂ ಮೈ ಮುಚ್ಚಬೇಕಲ್ಲ. ಅಂಗಿ, ಲಂಗ, ಟೋಪಿ, ಬೂಟು ಎಲ್ಲವನ್ನೂ ಯಾರೋ ಒಬ್ಬರು ಕೂತು ಮಾಡಲೇಬೇಕು. ಟೈಲರಕ್ಕನಿಗೆ ಅದನ್ನು ಕಲಿಯಲು ಒಂದೂವರೆ ವರ್ಷ ಹಿಡಿಯಿತು. ಅಲ್ಲಿ ಬಟ್ಟೆ ತಾನಾಗಿ ಇಳಿಬೀಳುವುದಿಲ್ಲ, ಎಲ್ಲಿ ಮಡಿಯಬೇಕು, ಎಲ್ಲಿ ನೆರಿಗೆ ಬರಬೇಕು ಅಂತ ನಾವೇ ಹೇಳಿಕೊಡಬೇಕು. ಅದು ಅವಳಿಗೆ ಗೊತ್ತಿದ್ದ ವಿದ್ಯೆಯೇ. ಮಿಕ್ಕದ್ದೆಲ್ಲ ಕಡ್ಡಿಯ ಪಾಲಿಗೆ.

ಮಿಕ್ಕದ್ದು ಅಂದರೆ ಕಡಿಮೆಯೇನಲ್ಲ. ಆ ಲೋಕದಲ್ಲಿ ಇಬ್ಬರೂ ಸೇರಿ ಇಟ್ಟಿದ್ದ ಅಂಗಡಿಯ ಬೀರುವಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಉಡುಪುಗಳಿದ್ದವು. ಒಂದೇ ಅಂಗಿಯ ಹದಿನಾಲ್ಕು ಪ್ರತಿ ಇರುತ್ತಿದ್ದವು, ಅದರಲ್ಲಿ ಯಾವುದು ತಿದ್ದಿದ್ದು, ಯಾವುದು ಕೆಟ್ಟದ್ದು, ಯಾವುದು ಅಂಗಡಿಯಲ್ಲಿ ತೂಗುಹಾಕಿದ್ದು ಅಂತ ಹೆಸರು, ತಾರೀಕು ಹಾಕಿ ಇಡಬೇಕು. ಪ್ರತಿ ಉಡುಪಿಗೂ ಅದನ್ನು ತಿದ್ದಬಹುದೇ, ನಕಲು ಮಾಡಬಹುದೇ, ಇನ್ನೊಬ್ಬರಿಗೆ ದಾಟಿಸಬಹುದೇ ಅಂತ ಅಪ್ಪಣೆ ಹಚ್ಚಬೇಕು. ಗಿರಾಕಿಗಳ ದೂರು ಕೇಳಬೇಕು. ಒಬ್ಬ ಗಿರಾಕಿ ಟೋಪಿ ಕೊಂಡು, ಅದು ತಲೆಯ ಬದಲು ಮೊಣಕಾಲಿಗೆ ಅಂಟಿಕೊಂಡಿದೆ ಅಂತ ಅರ್ಧ ದಿನ ಗೋಳು ಹೊಯ್ದುಕೊಂಡಿದ್ದ. ಇನ್ನೊಬ್ಬಳದು, ಕುಳಿತಾಗ ತನ್ನ ಗೊಂಬೆಯ ಹೊಟ್ಟೆ ಜಾಕೆಟ್ಟನ್ನು ತೂರಿಕೊಂಡು ಹೊರಗೆ ಇಣುಕುತ್ತದೆ ಅಂತ. ಇದಕ್ಕೆಲ್ಲ ಕಡ್ಡಿ ಒಂದು ಸಲವೂ ಗೊಣಗಿದವಳಲ್ಲ.

ಇಷ್ಟರ ನಡುವೆ ಟೈಲರಕ್ಕ ತನಗಾಗಿ ಮಾಡಿಕೊಂಡದ್ದು ಅದೊಂದೇ ಕೋಟು. ಬೂದು ಬಣ್ಣದ, ಮೊಣಕಾಲ ಕೆಳಗೆ ಬರುವ ಉದ್ದನೆಯ ಕೋಟು. ಲೈನಿಂಗಿಗೆ ಅವಳು ತನ್ನ ಹಳೆಯ ಕಟಿಂಗ್ ಟೇಬಲ್ಲಿನ ಫೋಟೋ ತೆಗೆದು ಹಾಕಿದ್ದಳು. ಕತ್ತರಿಯ ಗೀರು, ಸೀಮೆಸುಣ್ಣದ ಗೆರೆ, ಮದುವೆಯಾದ ವರ್ಷ ಇಸ್ತ್ರಿ ಪೆಟ್ಟಿಗೆ ಮರೆತಿಟ್ಟು ಸುಟ್ಟುಕೊಂಡಿದ್ದ ಕಪ್ಪು ತ್ರಿಕೋನ, ಎಲ್ಲವೂ ಅದರಲ್ಲಿ ಬಂದಿತ್ತು. ಕೋಟು ಮಾರುವುದಕ್ಕಲ್ಲ ಅಂತ ಬೀರುವಿನಲ್ಲಿ 'ನನ್ನವು' ಅನ್ನುವ ಖಾನೆಯಲ್ಲಿ ಇಟ್ಟಿದ್ದಳು. ಆ ಟೇಬಲ್ಲಿನಂಥ ಟೇಬಲ್ಲು ಜಗತ್ತಿನಲ್ಲಿ ಇನ್ನೊಂದಿರಲು ಸಾಧ್ಯವಿಲ್ಲ. ಹಾಗಾದರೆ ಸೇತುವೆಯ ಮೇಲಿನ ಹೆಂಗಸಿನ ಮೈಮೇಲೆ ಅದು ಹೇಗೆ ಬಂತು?

ಹೆಂಗಸಿನ ತಲೆಯ ಮೇಲೆ 'ಮುಂಗುಸಿ' ಅಂತ ಹೆಸರು ತೇಲುತ್ತಿತ್ತು. ಟೈಲರಕ್ಕ ಒಂದೊಂದೇ ಅಕ್ಷರ ಹುಡುಕಿ ಒತ್ತಿ, 'ಅಮ್ಮಾ, ಈ ಕೋಟು' ಅನ್ನುವಷ್ಟರಲ್ಲಿ ಮುಂಗುಸಿ ಸೇತುವೆಯಿಂದ ಮಾಯವಾಗಿದ್ದಳು.

ಬೀರುವಿನ ಪಾಸ್‌ವರ್ಡ್ ಗೊತ್ತಿದ್ದದ್ದು ಮೂವರಿಗೆ. ಒಬ್ಬಳು ತಾನು, ಇನ್ನೊಬ್ಬಳು ಕಡ್ಡಿ. ಮೂರನೆಯವನು ಗಂಡ, ಲಿಫ್ಟ್ ಮೆಕ್ಯಾನಿಕ್ಕು. ಪಾಸ್‌ವರ್ಡ್ ಬರೆದ ಚೀಟಿಯನ್ನು ಮಿಶಿನ್ನಿನ ಡ್ರಾಯರಿನ ಒಳಬದಿಗೆ ಅಂಟಿಸಿದ್ದವನೇ ಅವನು. ಆದರೆ ಅವನ ಗೊಂಬೆ ಎರಡು ವರ್ಷದಿಂದ ಒಂದೇ ಬನಿಯನ್ನು, ಒಂದೇ ಪ್ಯಾಂಟಿನಲ್ಲಿ ಓಡಾಡುತ್ತಿತ್ತು. ಕೋಟು ಕದ್ದು ಊರಿಗೆ ಹಂಚುವ ಉಮೇದು ಆ ಮನುಷ್ಯನಿಗೆಲ್ಲಿ ಬರಬೇಕು?

ಹಾಗಾಗಿ ಉಳಿದವಳು ಒಬ್ಬಳೇ.

ಅಂದಿನಿಂದ ಟೈಲರಕ್ಕನಿಗೆ ಕಡ್ಡಿ ಮಾಡಿದ್ದೆಲ್ಲ ಬೇರೆ ಥರ ಕಾಣತೊಡಗಿತು. ಮುಂದಿನ ಕೋಣೆಯಲ್ಲಿ ಇಬ್ಬರ ಕಂಪ್ಯೂಟರೂ ಒಂದೇ ಟೇಬಲ್ಲಿನ ಮೇಲಿದ್ದವು, ಅದೇ ಸುಟ್ಟ ಗುರುತಿನ ಟೇಬಲ್ಲು. ಕಡ್ಡಿಗೆ ಫೋನ್ ಬಂದರೆ ಈಗ ಅವಳು ಎದ್ದು ಮೆಟ್ಟಿಲ ಹತ್ತಿರ ಹೋಗಿ ಮಾತಾಡುತ್ತಿದ್ದಳು. ಮೊದಲೂ ಹೋಗುತ್ತಿದ್ದಳೋ ಏನೋ, ಯಾರು ಗಮನಿಸಿದ್ದರು? 'ಯೋಚನೆ ಮಾಡಿ ಹೇಳ್ತೀನಿ' ಅಂತ ಒಂದು ದಿನ ಕೇಳಿಸಿತು. 'ಅತ್ತಿಗೆಗೆ ಇನ್ನೂ ಗೊತ್ತಿಲ್ಲ' ಅಂತ ಇನ್ನೊಂದು ದಿನ. ಟೈಲರಕ್ಕ ಮನೆಯೊಳಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಾಡತೊಡಗಿದಳು. ಹಿಂದಿನಿಂದ ಸದ್ದಿಲ್ಲದೆ ಬಂದು ನಿಂತರೆ ಕಡ್ಡಿ ಬೆಚ್ಚಿ ಕಂಪ್ಯೂಟರಿನಲ್ಲಿ ಯಾವುದೋ ಕಿಟಕಿ ಮುಚ್ಚುತ್ತಿದ್ದಳು.

"ಏನದು?"

"ಏನಿಲ್ಲ ಅತ್ತಿಗೆ. ಹಳೇ ಕೈಚೀಲಗಳಿಗೆ ಹೆಸರಿಡ್ತಿದ್ದೆ."

ಏನಿಲ್ಲದ್ದನ್ನು ಯಾರಾದರೂ ಅಷ್ಟು ಅವಸರದಲ್ಲಿ ಮುಚ್ಚುತ್ತಾರೆಯೇ?

ಗಂಡನ ಹತ್ತಿರ ಒಂದು ಸಂಜೆ ಬಾಯಿ ಬಿಟ್ಟಳು. ಅವನು ಹೊರಗಿನ ನಲ್ಲಿಯಲ್ಲಿ ಕೈಯ ಗ್ರೀಸು ತೊಳೆಯುತ್ತಿದ್ದ.

"ರೀ, ನಿಮ್ಮ ತಂಗಿ ನನ್ನ ಹತ್ರ ಏನೋ ಮುಚ್ಚಿಡ್ತಿದ್ದಾಳೆ."

"ಯಾರು, ಕಡ್ಡೀನಾ? ಅವಳ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ ಕಣೇ."

"ನಿಂತಿದೆ. ಅದಕ್ಕೇ ಹೇಳ್ತಿರೋದು."

"ಹಾಗಾದ್ರೆ ಅವಳನ್ನೇ ಕೇಳು."

"ಕೇಳಿದ್ರೆ ಹೂಂ ಅಂತಾಳಾ?"

ಅವನು ಸೋಪಿನ ಕೈಯಲ್ಲೇ ಮೂಗು ಉಜ್ಜಿಕೊಂಡ. "ನನ್ನನ್ನ ಮಾತ್ರ ನಿಮ್ಮಿಬ್ಬರ ನಡುವೆ ಸಿಕ್ಕಿಸ್ಬೇಡ ಮಾರಾಯ್ತಿ. ಲಿಫ್ಟು ಎರಡು ಮಹಡಿ ನಡುವೆ ಸಿಕ್ಕಿಕೊಂಡ್ರೆ ಬಿಡಿಸಬಹುದು, ಇದನ್ನ ಬಿಡಿಸೋಕೆ ನನ್ನ ಹತ್ರ ಸ್ಪ್ಯಾನರ್ ಇಲ್ಲ."

ಕೇಳುವುದು ಟೈಲರಕ್ಕನಿಗೆ ಬೇಕಿರಲಿಲ್ಲ, ಹಿಡಿಯುವುದು ಬೇಕಿತ್ತು. ಅವಳು ಒಂದು ವಾರ ಕೂತು ಒಂದು ವೇಸ್ಟ್‌ಕೋಟು ಮಾಡಿದಳು. ಕಡುಹಸಿರು, ಎದೆಯ ಮೇಲೆ ಒಂದೇ ಸಾಲು ಗುಂಡಿ. ಅದನ್ನೇ ಮೂರು ಬಗೆಯಾಗಿ ಉಳಿಸಿದಳು. ಐದು ಗುಂಡಿಯದನ್ನು ಕಡ್ಡಿಗೆ ಕಳಿಸಿ, "ಇದು ಮಾರೋದಕ್ಕಲ್ಲ, ಸುಮ್ಮನೆ ನಿನ್ನ ಗೊಂಬೆಗೆ ಹಾಕಿ ನೋಡು, ಕಂಕುಳ ಹತ್ರ ಹಿಡಿಯುತ್ತಾ ಹೇಳು" ಅಂದಳು. ಆರು ಗುಂಡಿಯದನ್ನು ಗಂಡನ ಗೊಂಬೆಯ ಬೀರುವಿಗೆ ಸೇರಿಸಿದಳು. ಏಳು ಗುಂಡಿಯದನ್ನು ತನ್ನಲ್ಲೇ ಇಟ್ಟುಕೊಂಡು, ಅಂಗಡಿಯ ಹಿಂದಿನ ಟ್ರಯಲ್ ರೂಮಿನಲ್ಲಿ ಒಮ್ಮೆ ಸ್ಟ್ಯಾಂಡಿನ ಮೇಲೆ ಹಿಂದೆ ಮುಂದೆ ನೋಡಿ, 'ನನ್ನವು' ಖಾನೆಗೆ ಹಾಕಿ ಪಾಸ್‌ವರ್ಡನ್ನೂ ಬದಲಿಸಿದಳು. ಹೊಸದನ್ನು ಯಾರಿಗೂ ಹೇಳಲಿಲ್ಲ. ಇನ್ನು ಹೊರಗೆ ಯಾರ ಮೈಮೇಲೆ ಎಷ್ಟು ಗುಂಡಿ ಕಾಣುತ್ತದೋ ಅದರಿಂದಲೇ ಕಳ್ಳರು ಯಾರು ಅಂತ ತಿಳಿಯುತ್ತದೆ.

ಆಮೇಲೆ ದಿನಾ ಬೆಳಿಗ್ಗೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಆ ಲೋಕದ ಸಂತೆ, ಸೇತುವೆ, ಕುಣಿತದ ಅಂಗಳ ಸುತ್ತಿದಳು. ಹೊಲಿಗೆ ಹಿಂದೆ ಬಿತ್ತು. ಎದುರಿಗೆ ಬಂದವರ ಮುಖ ನೋಡುವುದನ್ನು ಬಿಟ್ಟು ಎದೆಯ ಗುಂಡಿ ಎಣಿಸುತ್ತಿದ್ದಳು. ಒಬ್ಬ ಹುಲಿ ಮುಖದ ಗೊಂಬೆಯವನು, "ಏನಮ್ಮಾ ಹಾಗೆ ನೋಡ್ತಿದ್ದೀರಿ?" ಅಂತ ರೇಗಿದ್ದೂ ಆಯಿತು.

ಒಂಬತ್ತನೆಯ ದಿನ ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದರು. ಗಂಡನಿಗೆ ಅಂದು ರಜೆ. ಕಡ್ಡಿ ತಟ್ಟೆಯಿಂದ ತಲೆ ಎತ್ತದೆ ಕೇಳಿದಳು.

"ಅತ್ತಿಗೆ, ಅಣ್ಣನ ಗೊಂಬೆ ಬೀರು ಕ್ಲೀನ್ ಮಾಡ್ತಿದ್ದೆ ಇವತ್ತು. ಅವನ ವೇಸ್ಟ್‌ಕೋಟಿಗೆ ಆರು ಗುಂಡಿ ಇದೆ."

"ಹೂಂ."

"ನನ್ನದಕ್ಕೆ ಐದು."

ಟೈಲರಕ್ಕ ಅನ್ನಕ್ಕೆ ಇನ್ನಷ್ಟು ಸಾರು ಬಡಿಸಿಕೊಂಡಳು. "ಸೈಜು ಬೇರೆ ಅಲ್ವಾ," ಅಂದಳು.

"ಗೊಂಬೆಗಳದ್ದು ಸೈಜು ಒಂದೇ, ಅತ್ತಿಗೆ. ಹಾಕ್ಕೊಂಡಾಗ ತಾನೇ ಅಳತೆಗೆ ಬರುತ್ತೆ. ಅದನ್ನ ನಿಮಗೆ ಹೇಳಿಕೊಟ್ಟಿದ್ದೇ ನಾನು." ಕಡ್ಡಿ ಈಗ ತಲೆ ಎತ್ತಿದಳು. "ನಿಮ್ಮದಕ್ಕೆ ಎಷ್ಟು ಗುಂಡಿ?"

ಟೈಲರಕ್ಕ ನೀರಿನ ಲೋಟ ಎತ್ತಿಕೊಂಡಳು.

"ಪಾಸ್‌ವರ್ಡ್ ಬದಲಾದಾಗಲೇ ಅಂದುಕೊಂಡೆ. ನೀವು ಮರೆತು ಹೇಳಿಲ್ಲ ಅಂತ ಒಂದು ವಾರ ಕಾದೆ."

ಗಂಡ ಒಮ್ಮೆ ಹೆಂಡತಿಯ ಮುಖ, ಒಮ್ಮೆ ತಂಗಿಯ ಮುಖ ನೋಡಿದ. "ನನಗೆ ವೇಸ್ಟ್‌ಕೋಟು ಕೊಟ್ಟಿದ್ದೀಯಾ? ಯಾವಾಗ?" ಅಂದ. ಯಾರೂ ನಗಲಿಲ್ಲ. ಕಡ್ಡಿ ಎದ್ದು ತಟ್ಟೆ ತೊಳೆದಿಟ್ಟು ತನ್ನ ಕೋಣೆಗೆ ಹೋದಳು. ಸಂಜೆ ಮುಂದಿನ ಕೋಣೆಗೆ ಬರಲಿಲ್ಲ. ಮರುದಿನವೂ ಇಲ್ಲ.

ಸಿಕ್ಕಿಬಿದ್ದಳಲ್ಲ, ಅದಕ್ಕೇ ಮುಖ ಮರೆಸಿಕೊಂಡಿದ್ದಾಳೆ ಅಂತ ಟೈಲರಕ್ಕ ತನಗೆ ತಾನೇ ಹೇಳಿಕೊಂಡಳು. ಮತ್ತೆ ಮತ್ತೆ ಹೇಳಿಕೊಂಡಳು.

ಶನಿವಾರ ಬೆಳಿಗ್ಗೆ ಸಂತೆಯ ಬಾವಿಕಟ್ಟೆಯ ಹತ್ತಿರ ಮತ್ತೆ ಮುಂಗುಸಿ ಕಂಡಳು. ಈ ಸಲ ಕೋಟಿರಲಿಲ್ಲ. ಕಡುಹಸಿರು ವೇಸ್ಟ್‌ಕೋಟು. ಟೈಲರಕ್ಕ ಪರದೆಗೆ ಮೂಗು ತಾಗಿಸಿ ಎಣಿಸಿದಳು. ಐದಿರಬೇಕಿತ್ತು. ಇನ್ನೊಮ್ಮೆ ಕೆಳಗಿನಿಂದ ಎಣಿಸಿದಳು. ಮತ್ತೆ ಬೆರಳಿಟ್ಟು ಎಣಿಸಿದಳು.

ಏಳು.

ಏಳರದ್ದು ಅವಳೊಬ್ಬಳ ಹತ್ತಿರವೇ ಇದ್ದದ್ದು. ಹೊಸ ಪಾಸ್‌ವರ್ಡು ಅವಳ ತಲೆಯಲ್ಲಲ್ಲದೆ ಬೇರೆಲ್ಲೂ ಇರಲಿಲ್ಲ. ಈ ಸಲ ಟೈಪು ಮಾಡಲು ಹೋಗದೆ ಮೈಕು ಒತ್ತಿ ಮಾತಾಡಿಯೇಬಿಟ್ಟಳು.

"ಅಮ್ಮಾ, ಒಂದು ನಿಮಿಷ. ಈ ವೇಸ್ಟ್‌ಕೋಟು ನಿಮಗೆ ಯಾರು ಕೊಟ್ಟರು?"

ಆ ಕಡೆಯಿಂದ ದಣಿದ, ಆದರೆ ಸಿಡುಕಿಲ್ಲದ ದನಿ ಬಂತು. "ಯಾರೂ ಕೊಟ್ಟಿಲ್ಲ. ಅಂಗಡೀಲಿ ತಗೊಂಡೆ. ಹಿಂದುಗಡೆ ಟ್ರಯಲ್ ರೂಮ್ ಇದೆ ನೋಡಿ, ಅಲ್ಲಿ ಒಂದು ಸ್ಟ್ಯಾಂಡು. ಮುಟ್ಟಿದ್ರೆ ಬರುತ್ತೆ."

"ಮುಟ್ಟಿದ್ರೆ?"

"ಹೂಂ. 'ಮುಟ್ಟಿ, ತೊಟ್ಟು ನೋಡಿ' ಅಂತ ಬೋರ್ಡೇ ಇದೆಯಲ್ಲ. ಹೋದ ತಿಂಗಳು ಒಂದು ಬೂದು ಕೋಟು ಸಿಕ್ಕಿತ್ತು. ಒಳಗೆ ಇಸ್ತ್ರಿಯಲ್ಲಿ ಸುಟ್ಟ ಹಾಗೆ ಮಾಡಿದ್ದಾರೆ, ಎಷ್ಟು ನಿಜ ಅನ್ಸುತ್ತೆ ಅಂತೀರಿ! ನಾನು ನರ್ಸು. ವಾರ್ಡಲ್ಲಿ ದಿನಾ ಒಂದೇ ಸಮವಸ್ತ್ರ ಅಲ್ವಾ, ಇಲ್ಲಿಗೆ ಬಂದಾಗ ಏನಾದ್ರೂ ಚೆನ್ನಾಗಿರೋದು ಹಾಕ್ಕೋಬೇಕು ಅನ್ಸುತ್ತೆ. ಯಾಕೆ, ತಗೋಬಾರದಿತ್ತಾ?"

ಟೈಲರಕ್ಕನಿಗೆ ಆಗ ಎಲ್ಲ ಅರ್ಥವಾಯಿತು.

ನಾಲ್ಕು ತಿಂಗಳ ಹಿಂದೆ ಕಡ್ಡಿ ಜ್ವರ ಬಂದು ಮಲಗಿದ್ದಾಗ, ಅವಳಿಲ್ಲದೆಯೂ ತನಗೆ ಎಲ್ಲ ಬರುತ್ತದೆ ಅಂತ ತೋರಿಸುವ ಹಟಕ್ಕೆ ಟೈಲರಕ್ಕ ತಾನೇ ಅಂಗಡಿಯ ಹಿಂದೆ ಒಂದು ಟ್ರಯಲ್ ರೂಮು ಮಾಡಿದ್ದಳು. ತನ್ನ ಗೊಂಬೆಯ ಬೆನ್ನು ತನಗೆ ಸರಿಯಾಗಿ ಕಾಣುತ್ತಿರಲಿಲ್ಲ, ಅದಕ್ಕೆ ಉಡುಪು ತೂಗುಹಾಕಿ ಸುತ್ತಲೂ ನೋಡಲು ಎಲ್ಲಿಂದಲೋ ಪುಕ್ಕಟೆ ಸಿಕ್ಕ ಒಂದು ಸ್ಟ್ಯಾಂಡು ತಂದು ನಿಲ್ಲಿಸಿದ್ದಳು. ಬೋರ್ಡು ಅದರ ಜೊತೆಗೇ ಬಂದದ್ದು. ಚೆನ್ನಾಗಿದೆ ಅಂತ ಹಾಗೇ ಬಿಟ್ಟಿದ್ದಳು. ಆಗ ಬೂದು ಕೋಟನ್ನು, ಈಚೆಗೆ ಏಳು ಗುಂಡಿಯದನ್ನು ಸ್ಟ್ಯಾಂಡಿಗೆ ಹಾಕುವಾಗ ಅದು ಏನೇನೋ ಅಪ್ಪಣೆ ಕೇಳಿತ್ತು. ಅವಳು ಎಲ್ಲದಕ್ಕೂ ಹೂಂ ಅಂತ ಒತ್ತಿದ್ದಳು. ಆಮೇಲೆ ಬಾಗಿಲಿಗೆ ಒಂದು ದಪ್ಪ ಪರದೆ ಎಳೆದಿದ್ದಳು. ತನ್ನ ಹಳೆಯ ಅಂಗಡಿಯಲ್ಲಿ ಪರದೆ ಎಳೆದರೆ ಯಾರೂ ಒಳಗೆ ಬರುತ್ತಿರಲಿಲ್ಲ. ಈ ಲೋಕದಲ್ಲಿ ಪರದೆ ಬರೀ ಚಿತ್ರ, ಅದರೊಳಗಿಂದ ಯಾರು ಬೇಕಾದರೂ ನಡೆದು ಬರಬಹುದು. ಸ್ಟ್ಯಾಂಡಿನಿಂದ ತೆಗೆದ ಮೇಲೂ ಉಡುಪಿನ ಒಂದು ಪ್ರತಿ ಅದರ ಹೊಟ್ಟೆಯಲ್ಲಿ ಉಳಿಯುತ್ತದೆ ಅಂತ ಅವಳಿಗೆ ಹೊಳೆದೇ ಇರಲಿಲ್ಲ. ಟ್ರಯಲ್ ರೂಮಿನ ಸುದ್ದಿಯನ್ನು ಕಡ್ಡಿಗೆ ಹೇಳೋಣ ಹೇಳೋಣ ಅಂತ ಕಡೆಗೂ ಹೇಳಿರಲಿಲ್ಲ.

"ತಗೊಳ್ಳಿ, ತೊಂದರೆ ಇಲ್ಲ," ಅಂದಳು ನರ್ಸಿಗೆ.

ಆ ಸ್ಟ್ಯಾಂಡನ್ನು ಕೀಳಲು ಅರ್ಧ ಗಂಟೆ ಒದ್ದಾಡಿದಳು. ಅದು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಕಡ್ಡಿಯ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಅಷ್ಟು ವರ್ಷದಲ್ಲಿ ಆ ಬಾಗಿಲನ್ನು ಅವಳು ಒಂದು ಸಲವೂ ತಟ್ಟಿರಲಿಲ್ಲ, ಸುಮ್ಮನೆ ತಳ್ಳಿಕೊಂಡು ಹೋಗುತ್ತಿದ್ದಳು. ಇವತ್ತು ತಟ್ಟಿದಳು.

"ಬನ್ನಿ."

ಕಡ್ಡಿ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಟೈಲರಕ್ಕ ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಕೋಟು, ಸೇತುವೆ, ಬರಿಗಾಲು, ಗುಂಡಿ, ಸ್ಟ್ಯಾಂಡು. ಒಂದನ್ನೂ ಬಿಡಲಿಲ್ಲ. ಕಡ್ಡಿ ಲ್ಯಾಪ್‌ಟಾಪನ್ನು ಅತ್ತಿಗೆಯ ಕಡೆ ತಿರುಗಿಸಿದಳು.

"ನೀವಿಟ್ಟ ಹೊಸ ಪಾಸ್‌ವರ್ಡ್ ನೀವೇ ಒತ್ತಿ ಬೀರು ತೆರೀರಿ. ನನಗೆ ಹೇಳೋದು ಬೇಡ." ಅಷ್ಟು ಹೇಳಿ ಕಿಟಕಿಯ ಕಡೆ ಮುಖ ಮಾಡಿದಳು.

ಟೈಲರಕ್ಕ ಅಕ್ಷರ ಒತ್ತುತ್ತಿದ್ದಷ್ಟು ಹೊತ್ತೂ ಕಡ್ಡಿ ಹೊರಗಿನ ಗೋಡೆ ನೋಡುತ್ತಲೇ ಇದ್ದಳು. ಆ ಒಂದು ನಿಮಿಷ ಟೈಲರಕ್ಕನಿಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ಸ್ಟ್ಯಾಂಡನ್ನು ಕಿತ್ತುಹಾಕಲು ಕಡ್ಡಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಅದರ ಲೆಕ್ಕ ತೆರೆದು ಓದಿದಳು. "ಬೂದು ಕೋಟು ನಾನೂರ ಹನ್ನೆರಡು ಜನ ತಗೊಂಡಿದ್ದಾರೆ. ವೇಸ್ಟ್‌ಕೋಟು ಮೂವತ್ತೊಂದು."

"ವಾಪಸ್ ತಗೊಳ್ಳೋಕೆ ಆಗಲ್ವಾ?"

"ಆಗಲ್ಲ. ಹೋಗಿದ್ದು ಹೋಯ್ತು. ಹೊಸಬರಿಗೆ ಇನ್ನು ಸಿಗಲ್ಲ, ಅಷ್ಟೇ."

"ತಪ್ಪಾಯ್ತು ಕಣೇ, ಕಡ್ಡಿ."

ಕಡ್ಡಿ ಆ ಲೆಕ್ಕವನ್ನು ಮುಚ್ಚಿದಳು. "ನನ್ನನ್ನ ಕೇಳಿದ್ರೆ ಅವತ್ತೇ ಹುಡುಕಿ ಕೊಡ್ತಿದ್ದೆ. ಯಾವ ಉಡುಪು ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ನೋಡೋದೇ ತಾನೇ ನನ್ನ ಕೆಲಸ. ಅದೂ ನೆನಪಾಗಲಿಲ್ವಾ ನಿಮಗೆ?" ಆಮೇಲೆ ತುಟಿಯ ಒಂದು ಕೊನೆಯಲ್ಲಿ ಮಾತ್ರ ನಕ್ಕಳು. "ಅಣ್ಣನಿಗೂ ಬೇರೆ ಗುಂಡಿ ಕೊಟ್ಟಿದ್ರಿ ಅಂತ ನೋಡಿ ಸ್ವಲ್ಪ ಸಮಾಧಾನ ಆಯ್ತು. ನನ್ನೊಬ್ಬಳ ಮೇಲೇ ಅಲ್ವಲ್ಲ ಅಂತ."

"ಮತ್ತೆ ಆ ಫೋನು? ಮೆಟ್ಟಿಲ ಹತ್ರ ಹೋಗಿ ಹೋಗಿ ಮಾತಾಡ್ತಿದ್ದೆಯಲ್ಲ?" ಕೇಳಬಾರದು ಅಂದುಕೊಂಡರೂ ಟೈಲರಕ್ಕನ ಬಾಯಿಂದ ಬಂದೇಬಿಟ್ಟಿತು.

"ಆ ಲೋಕದಲ್ಲಿ ಬೂಟು, ಚಪ್ಪಲಿ ಮಾಡೋ ಒಂದು ದೊಡ್ಡ ಅಂಗಡಿಯವರು. ಅವರ ಬೀರು ಪೂರ್ತಿ ನಾನು ನೋಡ್ಕೋಬೇಕಂತೆ. ಎರಡು ಸಲ ಬೇಡ ಅಂದೆ. ನಿಮಗೆ ಹೇಳಿದ್ರೆ 'ಹೋಗು, ನನಗೋಸ್ಕರ ಬಿಡ್ಬೇಡ' ಅಂತೀರಿ ಅಂತ ಹೇಳಿರಲಿಲ್ಲ." ಕಡ್ಡಿ ಲ್ಯಾಪ್‌ಟಾಪ್ ಮುಚ್ಚಿದಳು. "ಗುಂಡಿ ಎಣಿಸಿದ ದಿನ ಸಂಜೆ ನಾನೇ ಫೋನ್ ಮಾಡಿ ಹೂಂ ಅಂದೆ."

"ಈಗ ಬೇಡ ಅನ್ನೋಕಾಗಲ್ವಾ?"

"ಆಗುತ್ತೆ," ಅಂದಳು ಕಡ್ಡಿ. "ಅನ್ನಲ್ಲ."

ಸೋಮವಾರದಿಂದ ಮುಂದಿನ ಕೋಣೆಯ ಟೇಬಲ್ಲಿನ ಅರ್ಧ ಖಾಲಿಯಾಯಿತು. ಗಂಡ ತಂಗಿಯ ಕೋಣೆಗೆ ಒಂದು ಚಿಕ್ಕ ಮೇಜು ತಂದು ಜೋಡಿಸಿಕೊಟ್ಟ. ಇಬ್ಬರ ನಡುವೆ ಒಂದು ಮಾತೂ ಆಡಲಿಲ್ಲ, ಆದರೆ ಮೇಜಿನ ಕಾಲು ಅಲ್ಲಾಡದಂತೆ ಮೂರು ಸಲ ಬಿಗಿದ. ಗಿರಾಕಿಗಳ ದೂರು ಈಗ ನೇರ ಟೈಲರಕ್ಕನಿಗೆ ಬರತೊಡಗಿದವು. ಮೊದಲನೆಯದು, ಕೈಗವಸು ಎರಡೂ ಎಡಗೈಯವೇ ಬಂದಿವೆ ಅಂತ. ಬೀರು ತೆರೆದರೆ ಒಂದೇ ಹೆಸರಿನ ಇಪ್ಪತ್ತಾರು ಕೈಗವಸುಗಳು ಸಾಲಾಗಿ ನಿಂತಿದ್ದವು. ಜ್ವರದ ವಾರದಲ್ಲಿ ಅವಳೇ ಹಾಕಿದ್ದವು.

ಅವಳು ಮತ್ತೆ ಹೋಗಿ ಬಾಗಿಲು ತಟ್ಟಿದಳು.

"ನಾಲ್ಕು ಗಂಟೆಗೆ ನನ್ನ ಕೆಲಸ ಮುಗಿಯುತ್ತೆ. ಆಮೇಲೆ ಬನ್ನಿ ಅತ್ತಿಗೆ," ಅಂತ ಒಳಗಿನಿಂದ ಬಂತು.

ನಾಲ್ಕಕ್ಕೆ ಹೋದಾಗ ಕಡ್ಡಿ ತನ್ನ ಕುರ್ಚಿ ಬಿಟ್ಟುಕೊಟ್ಟು ತಾನು ಮಂಚದ ಅಂಚಿಗೆ ಕೂತಳು. "ಮೊದಲು ಹೆಸರಿಡೋದು ಕಲೀರಿ. ಮಾಡಿದ ತಾರೀಕು, ಎಡ ಬಲ, ಎಷ್ಟನೇ ಸಲ ತಿದ್ದಿದ್ದು. 'ಚೆನ್ನಾಗಿರೋದು', 'ಇನ್ನೂ ಚೆನ್ನಾಗಿರೋದು' ಅಂತೆಲ್ಲ ಇಡ್ಬೇಡಿ."

"ಹೂಂ," ಅಂದಳು ಟೈಲರಕ್ಕ, ಕನ್ನಡಕ ಮೂಗಿಗೆ ಏರಿಸಿಕೊಂಡು. ಮೊದಲನೆಯ ಕೈಗವಸನ್ನು ತೆರೆದು ಹೆಬ್ಬೆರಳು ಯಾವ ಕಡೆಗಿದೆ ಅಂತ ನೋಡಿದಳು. ತನ್ನ ಕೈಯನ್ನು ಪರದೆಯ ಪಕ್ಕ ಹಿಡಿದು ಇನ್ನೊಮ್ಮೆ ನೋಡಿದಳು. ಎಡ ಅಂತ ಟೈಪು ಮಾಡಿದಳು.

"ಮುಂದಿನದು," ಅಂದಳು ಕಡ್ಡಿ.